ಹ್ಯಾಂಡ್ ಬ್ರೇಕ್: ಬಿಗಿ ಮಾಡಿದರೆ ಸಾಲದು, ಬಿಚ್ಚಿ ನೋಡಬೇಕು



ಸಂಘದ ಈ ಪುಟದಲ್ಲಿ ಸಾಮಾನ್ಯವಾಗಿ ರಾಜ್ಯೋತ್ಸವ, ಯುಗಾದಿ, ಕನ್ನಡ ತರಗತಿ, ಪ್ರತಿಭಾ ಪುರಸ್ಕಾರದ ವಿಷಯಗಳೇ ಇರುತ್ತವೆ. ಈ ಸಲ ಕಾರಿನ ಹ್ಯಾಂಡ್ ಬ್ರೇಕ್ ಬಗ್ಗೆ ಬರೆಯುತ್ತಿದ್ದೇವೆ. ನಮ್ಮ ಸದಸ್ಯರು ಹೊಸೂರು, ಬಾಗಲೂರು, ಬೇರಿಕೆ, ತಳಿ, ದೇಂಕಣಿಕೋಟೆ, ಶೂಲಗಿರಿ, ಕೃಷ್ಣಗಿರಿ, ಇತ್ತ ಅತ್ತಿಬೆಲೆ, ಆನೇಕಲ್ ತನಕ ಹರಡಿಕೊಂಡಿದ್ದಾರೆ. ಸಭೆಗೆ ಬರುವವರಲ್ಲಿ ಹೆಚ್ಚಿನವರು ಹತ್ತು, ಹದಿನೈದು ವರ್ಷ ಹಳೆಯ ಸಣ್ಣ ಕಾರುಗಳಲ್ಲಿ ಬರುತ್ತಾರೆ. ಅವರಲ್ಲಿ ಹಲವರು ಕೇಳಿದ ಪ್ರಶ್ನೆ ಒಂದೇ: "ಲಿವರ್ ಎಷ್ಟು ಎಳೆದರೂ ಗಾಡಿ ಜಾರುತ್ತದೆ. ಗ್ಯಾರೇಜಿನವರು ಒಮ್ಮೆ ಟೈಟ್ ಮಾಡಿ ಕೊಡುತ್ತಾರೆ, ಇನ್ನೊಮ್ಮೆ ಕೇಬಲ್ ಬದಲಿಸಬೇಕು ಅನ್ನುತ್ತಾರೆ. ಯಾವುದು ಸರಿ?"

ವಾಹನದ ಕೆಲಸ ಬಲ್ಲ, ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಸದಸ್ಯರು ನಮ್ಮಲ್ಲಿ ಕಡಿಮೆ ಇಲ್ಲ. ಅವರೊಂದಿಗೆ ಕುಳಿತು ಮಾತಾಡಿ, ಎಲ್ಲರಿಗೂ ತಿಳಿಯುವಂತೆ ಕ್ರಮವಾಗಿ ಇಲ್ಲಿ ಕೊಟ್ಟಿದ್ದೇವೆ. ನೀವೇ ಸ್ಪ್ಯಾನರ್ ಹಿಡಿಯಬೇಕೆಂದು ಇದರ ಅರ್ಥವಲ್ಲ. ಗ್ಯಾರೇಜಿನಲ್ಲಿ ಏನು ಕೇಳಬೇಕು, ಏನು ನೋಡಬೇಕು ಎಂದು ಗೊತ್ತಿದ್ದರೆ ಸಾಕು.

ಕಾನೂನು ಏನು ಹೇಳುತ್ತದೆ

ಹ್ಯಾಂಡ್ ಬ್ರೇಕ್ ನಮ್ಮ ಅನುಕೂಲಕ್ಕೆ ಇರುವ ವಸ್ತು ಎಂದು ಅನೇಕರು ತಿಳಿದಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು ನಿಂತ ವಾಹನದ ಬಗ್ಗೆಯೇ ಇದೆ. ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಲ್ಲಿಸಿದಾಗ ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿ ಇರಬೇಕು; ಇಲ್ಲವಾದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ಚಾಲಕ ಇಲ್ಲದಾಗ ವಾಹನ ತಾನಾಗಿ ಚಲಿಸದಂತೆ ನೋಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಅಂದರೆ ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ಜಾರಿ ಯಾರಿಗಾದರೂ ತಗುಲಿದರೆ, "ನಾನು ಗಾಡಿಯಲ್ಲೇ ಇರಲಿಲ್ಲ" ಎಂಬ ಮಾತು ನಡೆಯುವುದಿಲ್ಲ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಂತರ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮ ಸದಸ್ಯರ ಟಿಎನ್ 70, ಟಿಎನ್ 24 ಗಾಡಿಗಳಲ್ಲಿ ಹಲವು ಈ ವಯಸ್ಸಿಗೆ ಬಂದಿವೆ. ಹಳದಿ ಬೋರ್ಡಿನ ಗಾಡಿ ಇರುವವರಿಗೆ ಫಿಟ್‌ನೆಸ್ ಪ್ರಮಾಣಪತ್ರದ ತಪಾಸಣೆ ಇನ್ನೂ ಬೇಗ ಬೇಗ ಬರುತ್ತದೆ. ಆ ದಿನಕ್ಕೆಂದು ಬ್ರೇಕ್ ಸರಿಮಾಡಿಸುವ ಬದಲು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಒಳಗೆ ಏನಿದೆ

ಕಾಲಿನ ಬ್ರೇಕ್ ಎಣ್ಣೆಯ ಒತ್ತಡದಿಂದ ನಾಲ್ಕೂ ಚಕ್ರಕ್ಕೆ ಕೆಲಸ ಮಾಡುತ್ತದೆ. ಹ್ಯಾಂಡ್ ಬ್ರೇಕಿಗೆ ಎಣ್ಣೆಯ ಸಂಬಂಧವಿಲ್ಲ. ಅದು ಬರೀ ತಂತಿ ಮತ್ತು ಸನ್ನೆಗಳ ಕೆಲಸ. ಬೇಕೆಂದೇ ಹಾಗೆ ಮಾಡಿದ್ದಾರೆ. ಎಣ್ಣೆ ಸೋರಿಹೋದರೂ ನಿಂತ ಗಾಡಿ ನಿಂತೇ ಇರಬೇಕು.

ನಮ್ಮ ಕಡೆ ಹೆಚ್ಚಾಗಿ ಇರುವ ಆಲ್ಟೋ, ವ್ಯಾಗನ್ ಆರ್, ಸ್ವಿಫ್ಟ್‌ನಂಥ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಲಿವರ್ ಎಳೆದಾಗ ಅದರ ಬುಡದಲ್ಲಿರುವ ಹಲ್ಲುಪಟ್ಟಿಯ ಮೇಲೆ ಒಂದು ಕೊಕ್ಕೆ ಕಟ್ ಕಟ್ ಎಂದು ಹತ್ತಿ ಕೂರುತ್ತದೆ. ಲಿವರ್ ಕೇಬಲನ್ನು ಎಳೆಯುತ್ತದೆ. ನಡುವೆ ಈಕ್ವಲೈಸರ್ ಎಂಬ ಚಿಕ್ಕ ಅಡ್ಡಪಟ್ಟಿ ಇದ್ದು, ಎಳೆತವನ್ನು ಎಡಕ್ಕೂ ಬಲಕ್ಕೂ ಸಮವಾಗಿ ಹಂಚುತ್ತದೆ. ಅಲ್ಲಿಂದ ಒಂದೊಂದು ಕೇಬಲ್ ಒಂದೊಂದು ಹಿಂಚಕ್ರಕ್ಕೆ ಹೋಗಿ, ಡ್ರಮ್ಮಿನ ಒಳಗಿನ ಸಣ್ಣ ಲಿವರನ್ನು ಎಳೆಯುತ್ತದೆ. ಆ ಲಿವರ್ ಎರಡು ಬ್ರೇಕ್ ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಶೂ ಮೇಲಿನ ಲೈನಿಂಗ್ ಡ್ರಮ್ಮಿಗೆ ಒತ್ತಿ ಹಿಡಿದು ಚಕ್ರ ನಿಲ್ಲುತ್ತದೆ.

ಈ ಸರಪಳಿಯಲ್ಲಿ ಯಾವ ಕೊಂಡಿ ಸಡಿಲವಾದರೂ ನಮಗೆ ಕಾಣುವ ಲಕ್ಷಣ ಒಂದೇ: ಲಿವರ್ ಮೇಲಕ್ಕೆ ಬರುತ್ತದೆ, ಗಾಡಿ ನಿಲ್ಲುವುದಿಲ್ಲ. ಲಕ್ಷಣ ಒಂದೇ ಆದ್ದರಿಂದ ಕಾರಣವನ್ನು ಊಹಿಸಬಾರದು, ಬಿಚ್ಚಿ ನೋಡಬೇಕು.

ಟೈಟ್ ಮಾಡುವುದರಲ್ಲಿ ಏನು ತಪ್ಪು

ಇದು ಈ ಲೇಖನದ ಮುಖ್ಯ ಭಾಗ. ದಯವಿಟ್ಟು ಗಮನವಿಟ್ಟು ಓದಿ.

ಲಿವರಿನ ಬುಡದಲ್ಲಿ ಒಂದು ನಟ್ ಇರುತ್ತದೆ. ಅದನ್ನು ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತದೆ. ಐದು ನಿಮಿಷದ ಕೆಲಸ. ಗ್ಯಾರೇಜಿನಿಂದ ಹೊರಬರುವಾಗ ಲಿವರ್ ಚೆನ್ನಾಗಿ ಹಿಡಿಯುತ್ತದೆ, ನಮಗೂ ಸಮಾಧಾನ.

ಆದರೆ ಸಾಮಾನ್ಯವಾಗಿ ಮೊದಲು ಸವೆಯುವುದು ಕೇಬಲ್ ಅಲ್ಲ, ಶೂ ಮೇಲಿನ ಲೈನಿಂಗ್. ಲೈನಿಂಗ್ ಸವೆದಂತೆ ಶೂಗೂ ಡ್ರಮ್ಮಿಗೂ ಅಂತರ ಹೆಚ್ಚುತ್ತದೆ. ಈ ಅಂತರವನ್ನು ತಾನೇ ಸರಿಪಡಿಸಿಕೊಳ್ಳಲು ಡ್ರಮ್ಮಿನೊಳಗೆ ಅಡ್ಜಸ್ಟರ್ ಎಂಬ ಭಾಗ ಇದೆ. ಕಾಲಿನ ಬ್ರೇಕ್ ಒತ್ತಿದಾಗ ಶೂ ಹೆಚ್ಚು ದೂರ ಚಲಿಸಿದರೆ ಅಡ್ಜಸ್ಟರ್ ಒಂದು ಹಲ್ಲು ಮುಂದೆ ಹೋಗಿ ಅಂತರ ಮುಚ್ಚುತ್ತದೆ. ಧೂಳು, ತುಕ್ಕು, ಮಳೆಗಾಲದ ಕೆಸರು ಸೇರಿ ಇದು ಹಿಡಿದುಕೊಂಡರೆ ಅಂತರ ಹಾಗೇ ಉಳಿಯುತ್ತದೆ.

ಈಗ ಒಳಗಿನ ಅಂತರವನ್ನು ಬಿಟ್ಟು ಹೊರಗೆ ಕೇಬಲ್ ಬಿಗಿಮಾಡಿದರೆ ಏನಾಗುತ್ತದೆ? ಹ್ಯಾಂಡ್ ಬ್ರೇಕ್ ಇಳಿಸಿದಾಗಲೂ ಡ್ರಮ್ಮಿನೊಳಗಿನ ಲಿವರ್ ಪೂರ್ತಿ ಹಿಂದಕ್ಕೆ ಹೋಗಿ ಕೂರುವುದಿಲ್ಲ. ಅದು ತನ್ನ ಜಾಗದಲ್ಲಿ ಕೂರದಿದ್ದರೆ ಬಹುತೇಕ ಕಾರುಗಳಲ್ಲಿ ಅಡ್ಜಸ್ಟರ್ ಕೆಲಸ ಮಾಡಲಾರದು. ಹಾಗಾಗಿ ಅಂತರ ಇನ್ನೂ ಹೆಚ್ಚುತ್ತದೆ, ಮತ್ತೆ ಕೇಬಲ್ ಬಿಗಿ, ಮತ್ತೆ ಅಂತರ. ಇದರ ಜೊತೆಗೆ ಕಾಲಿನ ಬ್ರೇಕಿನ ಪೆಡಲ್ ಕೂಡ ಕೆಳಗಿಳಿಯುತ್ತ ಬರುತ್ತದೆ. ಹಿಂದಿನ ಶೂಗಳು ಉಜ್ಜಿಕೊಂಡೇ ಓಡಿ ಡ್ರಮ್ ಬಿಸಿಯಾಗಲೂಬಹುದು.

ಕೃಷ್ಣಗಿರಿಯ ಸದಸ್ಯರೊಬ್ಬರ ಕಾರಿಗೆ ಒಂದೇ ವರ್ಷದಲ್ಲಿ ಮೂರು ಸಲ ಹೀಗೆ ಬಿಗಿಮಾಡಿ ಕೊಟ್ಟಿದ್ದರು. ನಾಲ್ಕನೆಯ ಸಲ ನಟ್ ತಿರುಗಿಸಲು ಎಳೆಯೇ ಉಳಿದಿರಲಿಲ್ಲ. ಬೇರೆ ಕಡೆ ಬಿಚ್ಚಿ ನೋಡಿದಾಗ ಎಡಗಡೆಯ ಅಡ್ಜಸ್ಟರ್ ತುಕ್ಕು ಹಿಡಿದು ಗಟ್ಟಿಯಾಗಿತ್ತು, ಬಲಗಡೆಯ ಲೈನಿಂಗ್ ಕಬ್ಬಿಣದ ಮಟ್ಟಕ್ಕೆ ಬಂದಿತ್ತು. ಅವರ ಕುಟುಂಬ ಹಿಂದಿನ ತಿಂಗಳಷ್ಟೇ ಅಂಚೆಟ್ಟಿ ದಾರಿಯಲ್ಲಿ ಹೊಗೇನಕಲ್ಲಿಗೆ ಹೋಗಿ ಬಂದಿತ್ತು. ಆ ಇಳಿಜಾರು ತಿರುವುಗಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಆದ್ದರಿಂದ ಕ್ರಮ ಹೀಗೆ: ಮೊದಲು ಡ್ರಮ್ ಬಿಚ್ಚಿ ಶೂ ನೋಡಬೇಕು, ಶೂ ಅಂತರ ಸರಿಮಾಡಬೇಕು, ಕೊನೆಗೆ ಮಾತ್ರ ಕೇಬಲಿನ ನಟ್ ಮುಟ್ಟಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

1. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಲಿವರನ್ನು ನಿಧಾನವಾಗಿ ಎಳೆಯಿರಿ. ಎಷ್ಟು ಕಟ್ ಶಬ್ದ ಎಂದು ಎಣಿಸಿ. ಅನೇಕ ಸಣ್ಣ ಕಾರುಗಳಲ್ಲಿ ಸರಿಯಾದ ಎಣಿಕೆ 4ರಿಂದ 8ರ ಒಳಗೆ ಇರುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಕೊಟ್ಟಿರುವ ಸಂಖ್ಯೆಯೇ ಅಂತಿಮ. ಎಣಿಕೆಯನ್ನು ದಿನಾಂಕದೊಂದಿಗೆ ಬರೆದಿಡಿ. ಮೂರು ತಿಂಗಳಲ್ಲಿ 6 ಇದ್ದದ್ದು 10 ಆದರೆ ಒಳಗೆ ಏನೋ ಆಗಿದೆ ಎಂದರ್ಥ.

2. ಜನಸಂಚಾರವಿಲ್ಲದ ಸಣ್ಣ ಇಳಿಜಾರಿನಲ್ಲಿ ನಿಲ್ಲಿಸಿ. ಕಾಲಿನ ಬ್ರೇಕ್ ಒತ್ತಿಯೇ ಇರಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರ್ ನ್ಯೂಟ್ರಲ್‌ಗೆ ತನ್ನಿ, ನಂತರ ಕಾಲನ್ನು ಮೆಲ್ಲಗೆ ತೆಗೆಯಿರಿ. ಗಾಡಿ ಕದಲಬಾರದು. ಪರೀಕ್ಷೆಯ ಸಮಯದಲ್ಲಿ ಕಾರಿನ ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಬಾರದು.

3. ಗಾಡಿಯನ್ನು ತಿರುಗಿಸಿ ಇದನ್ನೇ ಇನ್ನೊಮ್ಮೆ ಮಾಡಿ. ಚಕ್ರ ಮುಂದಕ್ಕೆ ಉರುಳುವಾಗ ಮತ್ತು ಹಿಂದಕ್ಕೆ ಉರುಳುವಾಗ ಡ್ರಮ್ಮಿನ ಹಿಡಿತ ಒಂದೇ ಸಮ ಇರಬೇಕೆಂದಿಲ್ಲ. ಒಂದು ಕಡೆ ನಿಂತ ಗಾಡಿ ಇನ್ನೊಂದು ಕಡೆ ಜಾರಬಹುದು.

4. ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಬೇಕು. ಆರದಿದ್ದರೆ ಬ್ರೇಕ್ ಎಣ್ಣೆಯ ಮಟ್ಟವನ್ನೂ ನೋಡಿಸಿ. ಅನೇಕ ಕಾರುಗಳಲ್ಲಿ ಎರಡಕ್ಕೂ ಒಂದೇ ದೀಪ.

ಯಾವ ಭಾಗ ಯಾವಾಗ ಬದಲಿಸಬೇಕು

ಬ್ರೇಕ್ ಶೂ: ಲೈನಿಂಗ್ ಕೈಪಿಡಿಯ ಮಿತಿಗಿಂತ ತೆಳುವಾದರೆ, ಬಿರುಕು ಬಿಟ್ಟರೆ, ಎಣ್ಣೆ ಅಥವಾ ಗ್ರೀಸ್ ಹೀರಿಕೊಂಡಿದ್ದರೆ. ಎಣ್ಣೆ ಹಿಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವುದು ಹಳೆಯ ಅಭ್ಯಾಸ. ಅದು ಬೇಡ. ಶೂಗಳನ್ನು ಯಾವಾಗಲೂ ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು.

ವೀಲ್ ಸಿಲಿಂಡರ್: ರಬ್ಬರ್ ಟೋಪಿ ಎತ್ತಿದಾಗ ಒಳಗೆ ಎಣ್ಣೆ ಇದ್ದರೆ ಸೋರುತ್ತಿದೆ ಎಂದೇ ತಿಳಿಯಿರಿ. ಇದನ್ನು ಬಿಟ್ಟು ಹೊಸ ಶೂ ಹಾಕಿದರೆ ಹೊಸ ಶೂ ಕೂಡ ಹಾಳು.

ಕೇಬಲ್: ಹೊರಕವಚ ಹರಿದಿದ್ದರೆ, ತಂತಿಯ ಎಳೆ ಬಿಚ್ಚಿದ್ದರೆ, ಕೈಯಲ್ಲಿ ಎಳೆದಾಗ ಸಲೀಸಾಗಿ ಹೋಗಿ ಬರದಿದ್ದರೆ. ಕವಚದೊಳಗೆ ನೀರು ಸೇರಿ ತುಕ್ಕು ಹಿಡಿದ ಕೇಬಲ್ ಎಳೆದಾಗ ಹೋಗುತ್ತದೆ, ಬಿಟ್ಟಾಗ ಹಿಂದಿರುಗುವುದಿಲ್ಲ. ಆಗ ಆ ಕಡೆಯ ಚಕ್ರ ಬಿಸಿಯಾಗುತ್ತದೆ. ಮೇಲಿಂದ ಎಣ್ಣೆ ಬಿಟ್ಟರೆ ಕೆಲವು ದಿನ ನಡೆಯಬಹುದು, ಗುಣವಾಗುವುದಿಲ್ಲ.

ಸ್ಪ್ರಿಂಗ್ ಮತ್ತು ಪಿನ್ನುಗಳು: ಶೂ ಬದಲಿಸುವಾಗ ಇವನ್ನೂ ಬದಲಿಸಿ. ಬಿಸಿಯಿಂದ ಸೋತ ಸ್ಪ್ರಿಂಗ್ ಶೂವನ್ನು ಹಿಂದಕ್ಕೆ ಎಳೆಯದು.

ಡ್ರಮ್: ಗರಿಷ್ಠ ವ್ಯಾಸವನ್ನು ಡ್ರಮ್ಮಿನ ಮೇಲೆ ಅಥವಾ ಸರ್ವಿಸ್ ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಅದನ್ನು ಮೀರಿದ್ದರೆ ಲೇತಿನಲ್ಲಿ ಕಡೆಸಬಾರದು, ಬದಲಿಸಬೇಕು.

ಲಿವರ್: ಎಳೆದಾಗ ಕೂತು, ಸ್ವಲ್ಪ ತಟ್ಟಿದರೆ ಬಿಟ್ಟುಕೊಂಡರೆ ಹಲ್ಲುಪಟ್ಟಿ ಅಥವಾ ಕೊಕ್ಕೆ ಸವೆದಿದೆ. ಇದು ಎಲ್ಲಕ್ಕಿಂತ ಅಪಾಯಕಾರಿ. ಇದಕ್ಕೆ ರಿಪೇರಿ ಇಲ್ಲ, ಪೂರ್ತಿ ಲಿವರ್ ಬದಲಿಸಬೇಕು.

ಕೆಲಸ ನಡೆಯುವ ಕ್ರಮ

ಗಾಡಿ ಸಮತಟ್ಟಾದ ನೆಲದಲ್ಲಿರಬೇಕು. ಹಿಂದಿನ ಬ್ರೇಕ್ ಬಿಚ್ಚುವಾಗ ಹ್ಯಾಂಡ್ ಬ್ರೇಕ್ ಇಳಿಸಲೇಬೇಕಾದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಬೇಕು. ಜಾಕಿ ಎತ್ತಲು ಮಾತ್ರ. ಎತ್ತಿದ ಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಇಟ್ಟಿಗೆ ಇಟ್ಟು ಗಾಡಿಯ ಕೆಳಗೆ ನುಗ್ಗುವುದನ್ನು ಈಗಲೂ ಕೆಲವು ಕಡೆ ನೋಡುತ್ತೇವೆ. ನಮ್ಮ ಗಾಡಿ ಆದರೂ ಸರಿ, ಕೆಳಗೆ ಇರುವುದು ಯಾರದೋ ಮನೆಯ ಹುಡುಗ. ಸ್ಟ್ಯಾಂಡ್ ಇಲ್ಲದ ಕಡೆ ಕೆಲಸ ಕೊಡಬೇಡಿ.

ಮೊದಲು ಲಿವರಿನ ಬುಡದ ನಟ್ಟನ್ನು ಸಡಿಲಿಸುತ್ತಾರೆ. ಚಕ್ರ, ಡ್ರಮ್ ತೆಗೆಯುತ್ತಾರೆ. ಒಂದು ಕಡೆಯದನ್ನು ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಬೇಕು. ಸ್ಪ್ರಿಂಗ್ ಯಾವ ತೂತಿಗೆ ಎಂಬ ಸಂದೇಹ ಬಂದರೆ ಆ ಕಡೆಯದನ್ನು ನೋಡಿಕೊಳ್ಳಬಹುದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುವುದೂ ಒಳ್ಳೆಯದು.

ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಅದು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಎಷ್ಟೋ ವರ್ಷಗಳ ನಂತರ ರೋಗ ತರುತ್ತದೆ. ಒದ್ದೆ ಬಟ್ಟೆಯಲ್ಲಿ ಅಥವಾ ಬ್ರೇಕ್ ಕ್ಲೀನರ್ ಹಾಕಿ ಒರೆಸಬೇಕು. ನೋಡಲು ನಿಂತ ನಾವೂ ಸ್ವಲ್ಪ ದೂರ ನಿಲ್ಲಬೇಕು.

ಹೊಸ ಕೇಬಲ್ ಹಾಕುವಾಗ ಹಳೆಯದು ಹೋದ ದಾರಿಯಲ್ಲೇ, ಎಲ್ಲ ಕ್ಲಿಪ್ಪುಗಳೊಳಗೇ ಹೋಗಬೇಕು. ಕ್ಲಿಪ್ ಬಿಟ್ಟರೆ ಸೈಲೆನ್ಸರಿನ ಬಿಸಿಗೆ ಕವಚ ಸುಡುತ್ತದೆ, ಇಲ್ಲವೇ ಚಕ್ರಕ್ಕೆ ಉಜ್ಜುತ್ತದೆ. ಶೂ ತಗುಲುವ ಹಿಂಬದಿ ತಟ್ಟೆಯ ಉಬ್ಬುಗಳಿಗೆ ಬಿಸಿ ತಡೆಯುವ ಬ್ರೇಕ್ ಗ್ರೀಸ್ ಚೂರೇ ಚೂರು ಸವರಬೇಕು. ಲೈನಿಂಗಿಗೆ ಸೋಕಬಾರದು.

ಜೋಡಿಸಿದ ಮೇಲೆ ಮೊದಲು ಶೂ ಅಂತರ ಸರಿಮಾಡಿ, ಡ್ರಮ್ ಹಾಕಿ, ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ ಅಡ್ಜಸ್ಟರ್ ತನ್ನ ಜಾಗಕ್ಕೆ ಬರಲು ಬಿಡಬೇಕು. ನಂತರವೇ ಕೇಬಲಿನ ನಟ್. ಲಿವರ್ ಇಳಿಸಿದಾಗ ಎರಡೂ ಹಿಂಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಎಳೆದಾಗ ಎರಡೂ ಒಂದೇ ಎಣಿಕೆಯಲ್ಲಿ ಹಿಡಿಯಬೇಕು. ಇದನ್ನು ಗಾಡಿ ಕೆಳಗಿಳಿಸುವ ಮೊದಲೇ ತೋರಿಸಿ ಎಂದು ಕೇಳಿ. ಹೊಸ ಕೇಬಲ್ ಮೊದಲ ಕೆಲವು ದಿನ ಸ್ವಲ್ಪ ಹಿಗ್ಗುತ್ತದೆ. ಒಂದೆರಡು ವಾರದ ನಂತರ ಇನ್ನೊಮ್ಮೆ ಎಣಿಸಿ ನೋಡಿ.

ಬಿಲ್ಲು ಮತ್ತು ಭಾಷೆ

"ಬ್ರೇಕ್ ಕೆಲಸ" ಎಂದು ಒಂದೇ ಸಾಲಿನ ಬಿಲ್ಲು ಒಪ್ಪಬೇಡಿ. ಯಾವ ಭಾಗ, ಎಷ್ಟು, ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆಸಿ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಹೊಸ ಭಾಗದ ಡಬ್ಬಿಯ ಮೇಲೆ ತಯಾರಕರ ಹೆಸರು, ಭಾಗದ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ ಇದೆಯೇ ನೋಡಿ. ಬ್ರೇಕಿನ ವಿಷಯದಲ್ಲಿ ಡಬ್ಬಿ ಇಲ್ಲದ ಅಗ್ಗದ ಭಾಗ ಬೇಡ.

ಭಾಷೆ ಬರುವುದಿಲ್ಲ ಎಂದು ಹಿಂಜರಿಯುವ ಹಿರಿಯರು ನಮ್ಮಲ್ಲಿದ್ದಾರೆ. ಈ ಗಡಿಯಲ್ಲಿ ಆ ಚಿಂತೆ ಬೇಡ. ಒಂದೇ ಗ್ಯಾರೇಜಿನಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಕೇಳುತ್ತವೆ. ಕೈ ಎಂದರೆ ಕನ್ನಡದಲ್ಲೂ ಕೈ, ತಮಿಳಿನಲ್ಲೂ ಕೈ. "ಕೈ ಬ್ರೇಕ್" ಎಂದರೆ ಇಬ್ಬರಿಗೂ ತಿಳಿಯುತ್ತದೆ. ಡ್ರಮ್, ಶೂ, ಲೈನಿಂಗ್, ಕೇಬಲ್ ಎಲ್ಲ ಕಡೆಯೂ ಅವೇ. ಕೇಳಬೇಕಾದ ಪ್ರಶ್ನೆ ಒಂದೇ: "ಡ್ರಮ್ ಬಿಚ್ಚಿ ನೋಡಿದಿರಾ?"

ಬೇರೆ ವಾಹನಗಳು

ಹಿಂದೆ ಡಿಸ್ಕ್ ಬ್ರೇಕ್ ಇರುವ ಕಾರುಗಳಲ್ಲಿ ಕೆಲವಕ್ಕೆ ಕ್ಯಾಲಿಪರಿನಲ್ಲೇ ಹ್ಯಾಂಡ್ ಬ್ರೇಕ್ ಇರುತ್ತದೆ, ಕೆಲವಕ್ಕೆ ಡಿಸ್ಕಿನ ನಡುವೆ ಚಿಕ್ಕ ಡ್ರಮ್ ಇರುತ್ತದೆ. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಪ್ಯಾಡ್ ಬದಲಿಸುವ ಮೊದಲು ಮೋಟಾರನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಇದಕ್ಕೆ ಸಾಮಾನ್ಯವಾಗಿ ಸ್ಕ್ಯಾನರ್ ಬೇಕಾಗುತ್ತದೆ. ಸುತ್ತಿಗೆಯಿಂದ ಒತ್ತಿ ಕೂರಿಸಿದರೆ ಮೋಟಾರು ಹೋಗುತ್ತದೆ.

ಲಾರಿ ಮತ್ತು ಬಸ್ಸುಗಳದ್ದು ಬೇರೆಯೇ ಲೆಕ್ಕ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ 1980ರಲ್ಲಿ ಆರಂಭವಾದ ಮೇಲೆ ಈ ವಿಷಯ ಬಲ್ಲವರು ನಮ್ಮ ಮನೆಗಳಲ್ಲೇ ಇದ್ದಾರೆ. ಏರ್ ಬ್ರೇಕ್ ಇರುವ ದೊಡ್ಡ ವಾಹನದಲ್ಲಿ ಪಾರ್ಕಿಂಗ್ ಬ್ರೇಕ್ ಹಾಕುವುದು ಬಲವಾದ ಸ್ಪ್ರಿಂಗ್, ಬಿಡಿಸುವುದು ಗಾಳಿ. ಗಾಳಿ ಸೋರಿದರೆ ಬ್ರೇಕ್ ತಾನಾಗಿ ಬೀಳುತ್ತದೆ. ಆ ಸ್ಪ್ರಿಂಗ್ ಇರುವ ಡಬ್ಬಿಯನ್ನು ಕಟ್ಟುಬೋಲ್ಟ್ ಹಾಕದೆ ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಹಾರಿ ಜೀವ ತೆಗೆಯಬಲ್ಲದು. ತರಬೇತಿ ಇಲ್ಲದವರು ಮುಟ್ಟಲೇಬಾರದು.

ಟ್ರ್ಯಾಕ್ಟರ್ ಇರುವ ರೈತ ಸದಸ್ಯರಿಗೆ ಒಂದು ಮಾತು. ಎಡ ಬಲ ಪೆಡಲ್‌ಗಳನ್ನು ಸೇರಿಸುವ ಪಟ್ಟಿ ಹಾಕಿ, ನಂತರ ಪಾರ್ಕಿಂಗ್ ಕೊಕ್ಕೆ ಹಾಕಿ. ಒಂದೇ ಪೆಡಲಿಗೆ ಕೊಕ್ಕೆ ಬಿದ್ದರೆ ಒಂದೇ ಚಕ್ರ ಹಿಡಿದಿರುತ್ತದೆ.

ನಿತ್ಯದ ಅಭ್ಯಾಸ

ನಿಲ್ಲಿಸುವಾಗ ಕಾಲಿನ ಬ್ರೇಕ್ ಒತ್ತಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ತೆಗೆದು ಗಾಡಿ ಅದರ ಮೇಲೆ ನಿಲ್ಲುವುದನ್ನು ನೋಡಿ. ಆಮೇಲೆ ಎಂಜಿನ್ ನಿಲ್ಲಿಸಿ ಗೇರ್ ಹಾಕಿ: ಏರುಮುಖವಾಗಿದ್ದರೆ ಮೊದಲ ಗೇರ್, ಇಳಿಮುಖವಾಗಿದ್ದರೆ ರಿವರ್ಸ್. ಆಟೋಮ್ಯಾಟಿಕ್ ಕಾರಿನಲ್ಲಿ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಪಾರ್ಕಿಂಗ್ ಗೇರ್.

ಚಂದ್ರಚೂಡೇಶ್ವರ ಬೆಟ್ಟದಂಥ ಕಡೆ ನಿಲ್ಲಿಸುವಾಗ ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯದೇ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಬದಿಗೆ ಹಾಕಿ. ಕತ್ತಲಲ್ಲಿ ಬರುವ ಬೈಕಿನವರಿಗೆ ಅದೇ ಮೃತ್ಯು.

ಮಕ್ಕಳನ್ನು ಕಾರಿನೊಳಗೆ ಬಿಟ್ಟು ಇಳಿಯಬೇಡಿ. ನಮ್ಮ ಒಂದು ಕಾರ್ಯಕ್ರಮದ ದಿನ ಇಳಿಜಾರಿನಲ್ಲಿ ನಿಂತಿದ್ದ ಕಾರು ಹಿಂದಕ್ಕೆ ಜಾರಿ ಕಾಂಪೌಂಡಿಗೆ ತಾಗಿ ನಿಂತಿತು. ಸ್ವಲ್ಪ ಹೊತ್ತಿನ ಹಿಂದೆ ಅದೇ ಜಾಗದಲ್ಲಿ ಕೋಲಾಟಕ್ಕೆ ಬಂದ ಮಕ್ಕಳು ಸಾಲು ನಿಂತಿದ್ದರು. ಯಾರಿಗೂ ಏನೂ ಆಗಲಿಲ್ಲ. ಒಳಗೆ ಕುಳಿತ ಮಗು ಲಿವರಿನ ಗುಂಡಿ ಒತ್ತಿತ್ತು.

ತಿಂಗಳುಗಟ್ಟಲೆ ಊರಿಗೆ ಹೋಗುವವರು ಸಮತಟ್ಟಾದ ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ ಹೋಗಿ. ತೇವಕ್ಕೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ನಿತ್ಯ ಓಡಿಸುವವರು ಮಾತ್ರ ಪ್ರತಿದಿನವೂ ಎಳೆಯಬೇಕು. ಬಳಸದ ಕೇಬಲ್ ಬೇಗ ತುಕ್ಕು ಹಿಡಿಯುತ್ತದೆ.

ಸದಸ್ಯರ ಗಮನಕ್ಕೆ

ಮುಂದಿನ ಮಾಸಿಕ ಸಭೆಯ ದಿನ, ಸಭೆಗೆ ಅರ್ಧ ಗಂಟೆ ಮುಂಚೆ, ವಾಹನ ಕೆಲಸ ಬಲ್ಲ ನಮ್ಮ ಸದಸ್ಯರು ಆವರಣದಲ್ಲಿ ಇರುತ್ತಾರೆ. ಕಾರು ತಂದವರು ಲಿವರಿನ ಎಣಿಕೆ ಮತ್ತು ದೀಪವನ್ನು ಅವರ ಎದುರು ನೋಡಿಕೊಳ್ಳಬಹುದು. ರಿಪೇರಿ ಮಾಡುವುದಿಲ್ಲ, ಶುಲ್ಕವೂ ಇಲ್ಲ. ಕಾರಿನ ಕೈಪಿಡಿ ಇದ್ದರೆ ತಪ್ಪದೆ ತನ್ನಿ. ಇಂಗ್ಲಿಷಿನಲ್ಲಿರುವ ಆ ಪುಟವನ್ನು ಓದಿ ಕನ್ನಡದಲ್ಲಿ ಹೇಳಲು ನಮ್ಮ ಯುವ ಸದಸ್ಯರು ಒಪ್ಪಿದ್ದಾರೆ.

ಇಂತಿ,
ಕಾರ್ಯದರ್ಶಿ, ಸಂಘದ ಪರವಾಗಿ